ಪೀಸಾಕ್ಕೆ ಮುನ್ನ ಒಂದು ಡ್ರಿಲ್

ಇಟಲಿಯನ್ನು ನಾನು ಒಂದೇ ಭಾನುವಾರದಲ್ಲಿ ಗೆದ್ದವನು! ದೊಡ್ಡ ದೊಡ್ಡ ಸೇನಾಪತಿಗಳು ಆನೆ, ಕುದುರೆ ಕಟ್ಟಿಕೊಂಡು ಬೆಟ್ಟ ಹತ್ತಿಳಿದು ಮಾಡಲು ಹೊರಟ ಕೆಲಸವನ್ನು ನಾನು ಊಟದ ಮೇಜಿನ ಮುಂದೆ, ಮನೆಯ ಚಪ್ಪಲಿಯಲ್ಲೇ, ಒಂದು ಭೂಪಟ, ಒಂದು ಕೆಂಪು ಪೆನ್ನು ಮತ್ತು ಲೋಟಗಟ್ಟಲೆ ಚಹಾದ ಬಲದಿಂದ ಮುಗಿಸಿದೆ. ಬೇಸಿಗೆ ರಜೆಯಲ್ಲಿ ಒಂದು ವಾರ, ರೋಮ್, ಫ್ಲಾರೆನ್ಸ್, ವೆನಿಸ್. ಊರಿಂದೂರಿಗೆ ರೈಲು. ರೋಮ್ ಎಂದು ಬರೆಯುವಾಗಲೇ ನನಗೆ ರೋಮಾಂಚನ. "ಈ ಪ್ರವಾಸದಲ್ಲಿ ಒಂದೇ ಒಂದು ಎಡವಟ್ಟಾದರೆ ನನ್ನ ಹೆಸರು ಬದಲಾಯಿಸಿ" ಎಂದು ಮನೆಯವರೆದುರು ಘೋಷಿಸಿದೆ. ಆಮೇಲೆ ಅವರು ನನಗಿಟ್ಟ ಹೆಸರುಗಳನ್ನು ಮಾತ್ರ ಇಲ್ಲಿ ಬರೆಯುವ ಹಾಗಿಲ್ಲ.

ನನ್ನ ಧೈರ್ಯಕ್ಕೆ ಕಾರಣವಿತ್ತು. ನಾನು ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಬೆಂಕಿ ಬಿದ್ದ ದಿನ ಜನ ಹೇಗೆ ಹೊರಗೆ ಬರಬೇಕು ಎಂಬುದನ್ನು ಬೆಂಕಿ ಬೀಳದ ದಿನ ಕಲಿಸುವುದು ನನ್ನ ಉದ್ಯೋಗ. ಕಿತ್ತಳೆ ಬಣ್ಣದ ಕೋಟು ತೊಟ್ಟು, ಕೊರಳಲ್ಲಿ ನೇತಾಡುವ ಸೀಟಿಯನ್ನು ನಾನು ಒಮ್ಮೆ ಊದಿದರೆ ಸಾಕು, ಒಲೆಯ ಮುಂದಿನವರು, ಪ್ಯಾಕಿಂಗಿನವರು, ಲೆಕ್ಕ ಬರೆಯುವವರು ಎಲ್ಲರೂ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲಬೇಕು. ನನ್ನ ಡ್ರಿಲ್ಲಿನ ಕಟ್ಟಳೆಗಳು ಬಲು ಕಟ್ಟುನಿಟ್ಟು. ಫೋನುಗಳೆಲ್ಲ ಮೊದಲೇ ನನ್ನ ಚೀಲಕ್ಕೆ ಬೀಳಬೇಕು. ಯಾರೂ ಯಾರ ಜೊತೆಗೂ ಮಾತಾಡುತ್ತ ನಿಲ್ಲಕೂಡದು. ಎಲ್ಲರೂ ಹೊರಬಿದ್ದ ಮೇಲೆ, ಶೌಚಾಲಯದಲ್ಲಿ ಯಾರೂ ಅಡಗಿ ಕೂತಿಲ್ಲವೆಂದು ಬಾಗಿಲು ತಟ್ಟಿ ನೋಡಿ ಕಟ್ಟಕಡೆಗೆ ಹೊರಬರುವವನು ನಾನು. ಹಾಗೆ ತಟ್ಟಿದಾಗ ಒಂದು ಸಲ ಒಳಗಿನಿಂದ ನಮ್ಮ ಮ್ಯಾನೇಜರೇ ಹೊರಬಂದರು. ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ. ಕರ್ತವ್ಯ ಅಂದಮೇಲೆ ಇದೆಲ್ಲ ಇದ್ದದ್ದೇ.

ನನ್ನ ಇಟಲಿಗೆ ಮೊದಲ ಕಲ್ಲು ಬಿದ್ದದ್ದು ಅಡುಗೆಮನೆಯಿಂದ. ನಮ್ಮ ಜೊತೆಯಲ್ಲೇ ಇರುವ ನನ್ನ ಹೆಂಡತಿಯ ತಾಯಿ ಸೌತೆಕಾಯಿ ಹೆಚ್ಚುತ್ತ ಹೆಚ್ಚುತ್ತ ಮೇಜಿನ ಬಳಿಗೆ ಬಂದು ಭೂಪಟದ ಮೇಲೆ ಬಾಗಿದರು.

"ಅಳಿಯಂದ್ರೇ, ಆ ವಾಲಿದ ಗೋಪುರ ಇದ್ರಲ್ಲಿ ಎಲ್ಲಿ ಬರುತ್ತೆ?"

ಪೀಸಾ! ಅದು ನನ್ನ ಕೆಂಪು ಗೆರೆಯ ಆಸುಪಾಸಿನಲ್ಲೂ ಇರಲಿಲ್ಲ. ಬೇಕೆಂದೇ ಬಿಟ್ಟಿದ್ದೆ. ಪೀಸಾಕ್ಕೆ ಹೋದರೆ ಅಲ್ಲಿಂದ ವೆನಿಸ್‌ಗೆ ಹೊರಡುವಾಗ ಫ್ಲಾರೆನ್ಸಿನಲ್ಲಿ ರೈಲು ಬದಲಿಸಬೇಕು. ಬದಲಿಸಲು ಸಿಗುವ ಸಮಯ ಒಂದು ಕಪ್ ಚಹಾ ಆರುವಷ್ಟು. ಹೀಗ್ಹೀಗೆ ಎಂದು ಅತ್ತೆಗೆ ವಿವರಿಸಿದೆ. ಅವರು ತಮಗೆ ನೋಡಬೇಕಾದದ್ದು ಅದೊಂದೇ ಎಂದರು.

"ಅಷ್ಟು ವಾಲಿಕೊಂಡೂ ಬೀಳದೆ ನಿಂತಿದೆಯಲ್ಲ ಪುಣ್ಯಾತ್ಮ. ಕಣ್ಣಾರೆ ನೋಡಿದ್ರೆ ನನ್ನ ಮೊಣಕಾಲಿಗೂ ಒಂಚೂರು ಧೈರ್ಯ ಬರುತ್ತೆ."

ಆ ಮೊಣಕಾಲೇ ನನ್ನ ತಲೆನೋವು. ಅತ್ತೆಯ ಬಲಗಾಲಿನ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಒಂದು ಮೆಟ್ಟಿಲು ಹತ್ತಿದರೆ ನಿಲ್ಲುತ್ತಾರೆ. ನಿಂತವರು ಸುಮ್ಮನೆ ನಿಲ್ಲುತ್ತಾರೆಯೇ? ಪಕ್ಕದಲ್ಲಿ ಯಾರೇ ಇರಲಿ, ಮಾತಿಗಿಳಿಯುತ್ತಾರೆ. ಬ್ರೆಡ್ ತರಲು ಹೋದವರು ಹಿಂತಿರುಗುವಾಗ ಬ್ರೆಡ್ ಮರೆತಿರಬಹುದು, ಅಂಗಡಿಯವನ ಮಗಳ ಪರೀಕ್ಷೆ ಹೇಗಾಯಿತು, ಅವನ ತಂಗಿಗೆ ಗಂಡು ಗೊತ್ತಾಯಿತೇ ಎಂಬುದನ್ನು ಮಾತ್ರ ತಂದೇ ತರುತ್ತಾರೆ. ಇವರು ಫ್ಲಾರೆನ್ಸಿನಲ್ಲಿ ಕಾಫಿ ಮಾರುವವನ ತಾಯಿಯ ಯೋಗಕ್ಷೇಮ ವಿಚಾರಿಸುತ್ತ ನಿಂತರೆ ರೈಲು ತಪ್ಪಿತು, ಹೋಟೆಲ್ಲು ತಪ್ಪಿತು, ನನ್ನ ಇಡೀ ಸಾಮ್ರಾಜ್ಯ ಮುಳುಗಿತು!

ಆದ್ದರಿಂದ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದೆ, ಅತ್ತೆಗೆ ಈ ಓಡಾಟ ಯಾಕೆ, ಆ ಒಂದು ವಾರ ದೊಡ್ಡ ಮಗಳ ಮನೆಯಲ್ಲಿ ಕಾಲು ಚಾಚಿಕೊಂಡು ಹಾಯಾಗಿರಬಹುದಲ್ಲ ಎಂದು. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಎದುರಿನವರು ಬಾಯಿ ತೆರೆದ ಕೂಡಲೇ ಹುಳುಕು ಎಲ್ಲಿದೆಯೆಂದು ಆಕೆಗೆ ತಿಳಿದುಹೋಗುತ್ತದೆ.

"ರೀ, ನೇರವಾಗಿ ಹೇಳಿ. ಅಮ್ಮ ಬರೋದು ಬೇಡ ಅಂತ ತಾನೆ?"

"ಹಾಗಲ್ಲ ಕಣೇ, ಆ ಮೊಣಕಾಲು..."

"ಸರಿ ಹಾಗಾದ್ರೆ. ಮೊಣಕಾಲನ್ನ ಅಕ್ಕನ ಮನೇಲಿ ಬಿಟ್ಟು, ಮಿಕ್ಕ ಅಮ್ಮನ್ನ ಕರ್ಕೊಂಡು ಹೋಗೋಣ."

ಹೈಸ್ಕೂಲು ಓದುವ ನಮ್ಮ ಪುಟ್ಟಿ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. ಸೌತೆಕಾಯಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಒಂದು ಕ್ಷಣ ಭೂಪಟವನ್ನೇ ನೋಡಿದರು. ಅವರಿಗೆ ನಿಜವಾಗಿಯೂ ಆಸೆಯಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

"ನನಗೋಸ್ಕರ ಜಗಳ ಬೇಡ. ಅಳಿಯಂದ್ರೇ, ನಿಮ್ಮ ಕಾರ್ಖಾನೆ ಡ್ರಿಲ್ಲು ನನಗೂ ಒಂದ್ಸಲ ಮಾಡಿಸಿ. ಪಾಸಾದ್ರೆ ಬರ್ತೀನಿ, ಗೋಪುರ ನೋಡ್ತೀನಿ. ಫೇಲಾದ್ರೆ ತೆಪ್ಪಗೆ ದೊಡ್ಡವಳ ಮನೇಲಿ ಕೂರ್ತೀನಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಾನು ಕೂಡಲೇ ಒಪ್ಪಿಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೆ, ಕೂಸಿಗೆ ಪರೀಕ್ಷೆಯನ್ನೂ ಇಡುವವರನ್ನು ಇವತ್ತೇ ನೋಡಿದ್ದು ಎಂದು ಹೆಂಡತಿ ಗೊಣಗಿದಳು. ಗೊಣಗಾಟವನ್ನು ನಾನು ಒಪ್ಪಿಗೆ ಎಂದೇ ದಾಖಲಿಸಿಕೊಳ್ಳುವವನು.

ಶನಿವಾರ ಬೆಳಿಗ್ಗೆ ಡ್ರಿಲ್. ಯೋಜನೆ ಬಹಳ ಸರಳ. ನಮ್ಮ ನಿಲ್ದಾಣದಲ್ಲಿ ರೈಲು ಹತ್ತುವುದು, ಜಂಕ್ಷನ್ನಿನಲ್ಲಿ ಇಳಿಯುವುದು, ಮೇಲ್ಸೇತುವೆ ಹತ್ತಿಳಿದು ಆಚೆಯ ಪ್ಲಾಟ್‌ಫಾರ್ಮಿನಲ್ಲಿ ವಾಪಸು ಬರುವ ರೈಲು ಹಿಡಿಯುವುದು. ಖಾಲಿ ಸೂಟ್‌ಕೇಸು ಸಾಕು ಎಂದು ಪುಟ್ಟಿ ಎಷ್ಟು ಬೇಡಿಕೊಂಡರೂ ನಾನು ಜಗ್ಗಲಿಲ್ಲ. ಕಂಬಳಿ, ಹಳೆಯ ಪುಸ್ತಕ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ತುರುಕಿ ಮೂರು ಸೂಟ್‌ಕೇಸುಗಳನ್ನು ಕಲ್ಲುಗುಂಡಿನಷ್ಟು ಭಾರ ಮಾಡಿದೆ. ಎಲ್ಲರ ಫೋನು, ಪರ್ಸು, ಟಿಕೆಟ್ಟು ನನ್ನ ಎದೆಯ ಮೇಲಿನ ಚೀಲಕ್ಕೆ ಬಂದವು. ಅತ್ತೆಯ ಕೈಯಲ್ಲಿ ಉಳಿದದ್ದು ಒಂದು ಡಬ್ಬಿ, ಅದರ ತುಂಬ ನಮ್ಮ ಕಾರ್ಖಾನೆಯ ಮುರುಕು ಬಿಸ್ಕತ್ತು. ಕಿತ್ತಳೆ ಕೋಟು ತೊಟ್ಟು ಸೀಟಿ ನೇತುಹಾಕಿಕೊಂಡು ನಾನು ಬಾಗಿಲಲ್ಲಿ ನಿಂತಾಗ ಪುಟ್ಟಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದಳು. ದಾರಿಯಲ್ಲಿ ಅವಳ ಗೆಳತಿಯರು ಯಾರಾದರೂ ಸಿಕ್ಕರೆ ನಾನು ಯಾರೋ ಅವಳು ಯಾರೋ.

ನಿಲ್ದಾಣದಲ್ಲಿ ನನ್ನ ಕೋಟು ನೋಡಿ ಜನ ಬಂದು ಬಂದು ಯಾವ ರೈಲು ಎಲ್ಲಿಗೆ ಎಂದು ಕೇಳುತ್ತಿದ್ದರು. ನಾನು ಗಂಭೀರವಾಗಿ ಕೈ ತೋರಿಸುತ್ತಿದ್ದೆ. ಅವರಲ್ಲಿ ಎಷ್ಟು ಜನ ತಪ್ಪು ಊರು ಸೇರಿದರೋ, ಆ ಪಾಪ ನನ್ನ ತಲೆಯ ಮೇಲೆ.

ಜಂಕ್ಷನ್ ಬಂತು. ಬಾಗಿಲು ತೆರೆಯಿತು. ನಾನು ಸೀಟಿ ಊದಿದೆ! ಹೆಂಡತಿ ಎರಡು ಸೂಟ್‌ಕೇಸು ಎಳೆದುಕೊಂಡು ಇಳಿದಳು, ಪುಟ್ಟಿ ಒಂದನ್ನು ತಳ್ಳಿಕೊಂಡು ಇಳಿದಳು. ಅತ್ತೆ ಕಂಬಿ ಹಿಡಿದು, "ಅಬ್ಬಾ" ಎಂದು, ಬಲಗಾಲನ್ನು ಮುಂದಿಟ್ಟು, ಎಡಗಾಲಿಗೆ ಬುದ್ಧಿ ಹೇಳಿ, ಇಳಿದೇ ಬಿಟ್ಟರು. ಇಷ್ಟು ಚುರುಕಾಗಿ ಇಳಿಯುತ್ತಾರೆಂದು ನಾನು ನೆನೆಸಿರಲಿಲ್ಲ. ಇರಲಿ, ಸೇತುವೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಈಗ ನಾನು ಇಳಿಯಬೇಕು. ಆದರೆ ಕಟ್ಟಕಡೆಗೆ ಇಳಿಯುವವನು ಇಳಿಯುವ ಮುಂಚೆ ಏನು ಮಾಡಬೇಕು? ಶೌಚಾಲಯ ನೋಡಬೇಕು. ಹಲವು ವರ್ಷಗಳ ಅಭ್ಯಾಸ, ಕಾಲು ತಾನಾಗಿ ಅತ್ತ ಹೋಯಿತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ತಟ್ಟಿದೆ. ಒಳಗಿನಿಂದ ಯಾರೋ ಸ್ವಲ್ಪ ತಡೀರಿ ಎಂದರು. ತಡೆಯುವುದೇ? ಬೆಂಕಿ ತಡೆಯುತ್ತದೆಯೇ? ಇನ್ನೂ ಜೋರಾಗಿ ತಟ್ಟಿ, ಇದ್ದ ಹಾಗೇ ಹೊರಗೆ ಬರಬೇಕೆಂದು ಆಜ್ಞಾಪಿಸಿದೆ.

ಅಷ್ಟರಲ್ಲಿ ಬೆನ್ನ ಹಿಂದೆ ರೈಲಿನ ಬಾಗಿಲು ಮುಚ್ಚಿತು.

ಕಿಟಕಿಗೆ ಓಡಿದೆ. ಪ್ಲಾಟ್‌ಫಾರ್ಮು ಹಿಂದೆ ಹಿಂದೆ ಸರಿಯುತ್ತಿತ್ತು, ಅದರ ಮೇಲೆ ನನ್ನ ಹೆಂಡತಿ ಬಾಯಿ ತೆರೆದು ನಿಂತಿದ್ದಳು. ಪುಟ್ಟಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅತ್ತೆ ಮಾತ್ರ, ಊರಿಗೆ ಹೊರಟ ಅಳಿಯನನ್ನು ಕಳಿಸಲು ಬಂದವರ ಹಾಗೆ, ನಿಧಾನವಾಗಿ ಕೈ ಬೀಸಿದರು.

ಆ ರೈಲು ಜಂಕ್ಷನ್ ಬಿಟ್ಟರೆ ಮತ್ತೆ ನಿಲ್ಲುವುದು ಕೊನೆಯ ನಿಲ್ದಾಣದಲ್ಲೇ ಎಂಬುದು ಆಗ ತಿಳಿಯಿತು. ಇಟಲಿಯ ಸಕಲ ರೈಲುಗಳನ್ನೂ ಅರೆದು ಕುಡಿದಿದ್ದ ನಾನು ನಮ್ಮೂರಿನ ಈ ಒಂದು ರೈಲನ್ನು ನೋಡಲು ಮರೆತಿದ್ದೆ. ಗಾಬರಿಯಲ್ಲಿ ಹೆಂಡತಿಗೆ ಫೋನ್ ಮಾಡಿದೆ. ನನ್ನ ಎದೆಯೇ ಮೊಳಗಿತು. ಪುಟ್ಟಿಗೆ ಮಾಡಿದೆ. ಎದೆಯಿಂದ ಬೇರೊಂದು ರಾಗ ಬಂತು. ಬುದ್ಧಿ ಕೆಟ್ಟು ಅತ್ತೆಗೂ ಮಾಡಿದೆ! ಮನೆಮಂದಿಯ ಫೋನೆಲ್ಲ ನನ್ನ ಹತ್ತಿರವೇ ಇರುವಾಗ ನಾನು ಯಾರಿಗೆ ಫೋನ್ ಮಾಡಿ ಯಾರು ಎತ್ತಬೇಕು? ಎದುರು ಕೂತಿದ್ದ ಹೆಂಗಸು ತನ್ನ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆ ಹೊತ್ತಿಗೆ ಸರಿಯಾಗಿ ಶೌಚಾಲಯದ ಮಹಾಶಯರು ಕೆಂಡಾಮಂಡಲವಾಗಿ ಹೊರಬಂದು, ನನ್ನನ್ನು ನಖಶಿಖಾಂತ ನೋಡಿ, ನೆಟ್ಟಗೆ ಹೋಗಿ ಟಿಕೆಟ್ ತಪಾಸಣೆಯವರನ್ನು ಕರೆತಂದರು.

"ಈ ಕೋಟು ಎಲ್ಲಿದು?" ಎಂದರು ತಪಾಸಣೆಯವರು.

"ಬಿಸ್ಕತ್ತು ಕಾರ್ಖಾನೇದು."

"ರೈಲಲ್ಲಿ ಯಾಕೆ ಹಾಕ್ಕೊಂಡಿದೀರಿ?"

"ಇಟಲಿಗೆ ಹೋಗೋದಿದೆ, ಅದಕ್ಕೆ."

"ಈ ರೈಲು ಇಟಲಿಗೆ ಹೋಗಲ್ಲ."

"ಗೊತ್ತು ಸಾರ್. ನಮ್ಮ ಅತ್ತೆಯ ಮೊಣಕಾಲು ಪರೀಕ್ಷೆ ಮಾಡ್ತಿದ್ದೆ."

"ಎಲ್ಲಿ ಅತ್ತೆ?"

"ಇಳಿದು ಹೋದ್ರು."

ತಪಾಸಣೆಯವರು ಕೊನೆಯ ನಿಲ್ದಾಣದಲ್ಲಿ ನನ್ನ ತೋಳು ಹಿಡಿದು ಇಳಿಸಿ, ಭದ್ರತಾ ಕೋಣೆಗೆ ಒಪ್ಪಿಸಿದರು. ಅಲ್ಲೊಬ್ಬ ದಪ್ಪ ಮೀಸೆಯ ಅಧಿಕಾರಿ ನನ್ನ ಚೀಲ ಬಿಚ್ಚಿ ಒಂದೊಂದೇ ಸಾಮಾನನ್ನು ಮೇಜಿನ ಮೇಲೆ ಜೋಡಿಸತೊಡಗಿದರು. ಹೆಂಗಸರ ಫೋನುಗಳು, ಹೆಂಗಸರ ಪರ್ಸುಗಳು, ಒಂದು ಲಿಪ್‌ಸ್ಟಿಕ್ಕು, ಹಲ್ಲು ನೋಡುವ ಒಂದು ಪುಟ್ಟ ಕನ್ನಡಿ. ಎಲ್ಲವೂ ನನ್ನ ಮನೆಯವರದೇ ಎಂದೆ. ಹಾಗಾದರೆ ಮನೆಯವರಿಗೆ ಫೋನ್ ಮಾಡಿ ಎಂದರು. ಮನೆಯವರ ಫೋನು ಇದೇ ಎಂದೆ. ಹಾಗಾದರೆ ಲಾಕ್ ತೆಗೆದು ತೋರಿಸಿ ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಫೋನಿನ ಲಾಕ್ ನನಗೆ ಗೊತ್ತಿಲ್ಲ ಎಂದೆ. ಅಧಿಕಾರಿ ನನ್ನನ್ನು ಮೊದಲ ಸಲ ಸ್ವಲ್ಪ ಕನಿಕರದಿಂದ ನೋಡಿದರು. ಅವರಿಗೂ ಮದುವೆಯಾಗಿತ್ತೆಂದು ಕಾಣುತ್ತದೆ. ಆದರೂ ಬೆಂಚಿನ ಮೇಲಿಂದ ಏಳಲು ಬಿಡಲಿಲ್ಲ.

ಬೆಂಚಿನ ಮೇಲೆ ಕೂತ ಮೇಲೆ ನನ್ನ ಜಂಭವೆಲ್ಲ ಜರ್ರನೆ ಇಳಿಯಿತು. ನನ್ನ ಪಾಡು ಹಾಗಿರಲಿ, ಅಲ್ಲಿ ಆ ಮೂವರ ಗತಿ ಏನು? ಫೋನಿಲ್ಲ, ಕಾಸಿಲ್ಲ, ಟಿಕೆಟ್ಟಿಲ್ಲ, ಜೊತೆಗೆ ಕಲ್ಲುಗುಂಡಿನಂಥ ಮೂರು ಸೂಟ್‌ಕೇಸು. ಅತ್ತೆ ಆ ಮಂಡಿ ಇಟ್ಟುಕೊಂಡು ಎಷ್ಟು ಹೊತ್ತು ನಿಲ್ಲುತ್ತಾರೆ? ಗೋಪುರವೊಂದನ್ನು ನೋಡಬೇಕು ಎಂದ ಹಿರಿಯ ಜೀವಕ್ಕೆ ಇಂಥ ಪರೀಕ್ಷೆ ಇಡುವ ಬದಲು ಒಂದು ಕೆಂಪು ಗೆರೆ ಹೆಚ್ಚಿಗೆ ಎಳೆದಿದ್ದರೆ ನನ್ನ ಪೆನ್ನೇನು ಸವೆಯುತ್ತಿತ್ತೇ? ಸಂಕಟವಾಯಿತು. ನಿಜವಾಗಿ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅಧಿಕಾರಿ ಅದನ್ನು ತಪ್ಪೊಪ್ಪಿಗೆ ಎಂದು ತಿಳಿದು ಕಾಗದ ಮುಂದಕ್ಕೆ ಎಳೆದುಕೊಂಡರು.

ಆಗ ಅವರ ಮೇಜಿನ ಫೋನು ಹೊಡೆದುಕೊಂಡಿತು. ಒಂದು ಕ್ಷಣ ಕೇಳಿ, ಹುಬ್ಬೇರಿಸಿ, ನನಗೂ ಕೇಳಿಸುವಂತೆ ಒಂದು ಗುಂಡಿ ಒತ್ತಿದರು.

"ಅಲ್ಲೊಬ್ರು ನಮ್ಮೋರು ಬಂದಿದಾರಾ ಅಣ್ಣಾ?" ಅತ್ತೆಯ ದನಿ! "ಕಿತ್ತಳೆ ಕೋಟು, ಕೊರಳಲ್ಲಿ ಸೀಟಿ. ನಮ್ಮ ಅಳಿಯ. ಒಳ್ಳೇ ಮನುಷ್ಯ, ಮನೆಮಂದಿ ಅಂದ್ರೆ ಜೀವ. ನಮ್ಮ ಮೇಲಿನ ಕಾಳಜಿಗೇ ಹೀಗೆಲ್ಲ ಮಾಡ್ಕೊತಾರೆ. ಬೈಬೇಡಿ. ಹಸಿವು ತಡ್ಕೊಳಲ್ಲ, ಏನಾದ್ರೂ ತಿನ್ನೋಕೆ ಕೊಟ್ಟು ಒಂದ್ಕಡೆ ಕೂರಿಸಿರಿ. ನಾವು ಬಂದು ಕರ್ಕೊಂಡು ಹೋಗ್ತೀವಿ."

ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಬಗ್ಗೆ ಹೇಳುವ ಮಾತು! ಅಧಿಕಾರಿ ಫೋನ್ ಇಟ್ಟು, ಡ್ರಾಯರಿನಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗೆ ಕೊಟ್ಟರು. ನಾನೂ ಮಗುವಿನ ಹಾಗೆ ಸಿಪ್ಪೆ ಸುಲಿದು ತಿಂದೆ. ಹಸಿವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಲ್ಲಿ ಜಂಕ್ಷನ್ನಿನಲ್ಲಿ ಏನಾಯಿತೆಂಬುದನ್ನು ಪುಟ್ಟಿ ಆಮೇಲೆ ಹೇಳಿದಳು, ಅಭಿನಯದ ಸಮೇತ. ನನ್ನ ರೈಲು ಹೊರಟ ಕೂಡಲೇ ಹೆಂಡತಿ ನನ್ನ ಕುಲಕೋಟಿಯನ್ನು ಉದ್ಧರಿಸಲು ಆರಂಭಿಸಿದಳಂತೆ. ಅತ್ತೆ ಸೂಟ್‌ಕೇಸಿನ ಮೇಲೆ ಕೂತು, ಸುತ್ತ ನೋಡಿ, ಬಿಸ್ಕತ್ತಿನ ಡಬ್ಬಿ ತೆರೆದರಂತೆ. ಮೊದಲ ಬಿಸ್ಕತ್ತು ಪಕ್ಕದ ಬೆಂಚಿನ ಅಜ್ಜನಿಗೆ. ಆ ಅಜ್ಜನ ಸೊಸೆಯೇ ನಿಲ್ದಾಣದಲ್ಲಿ ರೈಲುಗಳ ಘೋಷಣೆ ಮಾಡುವಾಕೆ! ಅವಳಿಗೆ ಮಧ್ಯಾಹ್ನದ ಬುತ್ತಿ ಕೊಡಲು ಬಂದು ಕೂತಿದ್ದರು ಪಾಪ. ಸೊಸೆಯ ಕೋಣೆಯಿಂದಲೇ ಅತ್ತೆ ನನ್ನ ಅಧಿಕಾರಿಗೆ ಫೋನ್ ಮಾಡಿಸಿದ್ದು. ಟಿಕೆಟ್ಟಿಲ್ಲದ ಮೂವರನ್ನು ಮುಂದಿನ ರೈಲಿಗೆ ಹತ್ತಿಸಿಕೊಳ್ಳುವಂತೆ ಗಾರ್ಡಿಗೆ ಹೇಳಿದವಳೂ ಅದೇ ಸೊಸೆ.

ಆದರೆ ನಾನಿದ್ದಲ್ಲಿಗೆ ಹೊರಡುವ ಆ ರೈಲೂ ಅವತ್ತು ಬರುವುದಿದ್ದದ್ದು ಆಚೆಯ ಪ್ಲಾಟ್‌ಫಾರ್ಮಿಗೇ. ನಡುವೆ ನಾನು ನೆಚ್ಚಿಕೊಂಡಿದ್ದ ಆ ಸೇತುವೆ. ಅತ್ತೆ ಎಂದಿನಂತೆ ಒಂದು ಮೆಟ್ಟಿಲು ಹತ್ತಿದರು, ನಿಂತರು. ನಿಂತಲ್ಲಿ ಎಂದಿನಂತೆ ಪಕ್ಕದವರನ್ನು ಮಾತಾಡಿಸಿದರು. ಯಾವೂರಪ್ಪ, ಏನು ಓದ್ತಿದೀಯಾ, ಈ ಪೆಟ್ಟಿಗೆಗೆ ಒಂಚೂರು ಕೈ ಹಾಕ್ತೀಯಾ? ಮೆಟ್ಟಿಲಿಗೊಬ್ಬರಂತೆ ಜನ ಸೇರುತ್ತ ಹೋದರು. ಸೇತುವೆಯ ನೆತ್ತಿ ಮುಟ್ಟುವಷ್ಟರಲ್ಲಿ ಸೂಟ್‌ಕೇಸುಗಳು ಕೈಯಿಂದ ಕೈಗೆ ಸಾಗಿ ಅವರಿಗಿಂತ ಮುಂಚೆಯೇ ಆಚೆ ಇಳಿದಿದ್ದವಂತೆ. ಯಾವ ನಿಲ್ಲುವಿಕೆಗೆ ನಾನು ಹೆದರಿ ಒಂದು ಊರನ್ನೇ ಭೂಪಟದಿಂದ ಕೈಬಿಟ್ಟಿದ್ದೆನೋ, ಆ ನಿಲ್ಲುವಿಕೆಯೇ ಅವರ ಬಂಡವಾಳ. ನಾನು ಸೀಟಿ ಊದಿ, ಕಟ್ಟಳೆ ಹಾಕಿ ಮಾಡಿಸಲಾಗದ ಕೆಲಸವನ್ನು ಈ ತಾಯಿ ಒಂದು ಡಬ್ಬಿ ಮುರುಕು ಬಿಸ್ಕತ್ತಿನಲ್ಲಿ ಮಾಡಿಸಿದ್ದರು. ಬಾಯಿದ್ದವರು ಬದುಕಿದರು ಎನ್ನುವುದು ಇದಕ್ಕೇ. ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಭದ್ರತಾ ಕೋಣೆಗೆ ಅವರು ಬಂದದ್ದು ದಿಬ್ಬಣದ ಹಾಗೆ. ಮುಂದೆ ಅತ್ತೆ, ಹಿಂದೆ ಸೂಟ್‌ಕೇಸು ಹೊತ್ತ ಯಾರೋ ಮೂವರು ಯುವಕರು, ಅವರ ಹಿಂದೆ ನನ್ನ ಹೆಂಡತಿ, ಮಗಳು. ಅಧಿಕಾರಿ ನನ್ನತ್ತ ಬೆರಳು ತೋರಿಸಿ, ಇವರು ನಿಮ್ಮ ತಂದೆಯೇ ಎಂದು ಪುಟ್ಟಿಯನ್ನು ಕೇಳಿದರು. ಪುಟ್ಟಿ ನನ್ನ ಕೋಟನ್ನು ನೋಡಿದಳು, ಸೀಟಿಯನ್ನು ನೋಡಿದಳು, ಬಾಳೆಹಣ್ಣಿನ ಸಿಪ್ಪೆಯನ್ನು ನೋಡಿದಳು.

"ಹೌದು," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

ವಾಪಸಿನ ರೈಲಿನಲ್ಲಿ ಫೋನು ಕೈಗೆ ಸಿಕ್ಕಿದ್ದೇ ತಡ, ಪುಟ್ಟಿ ಇನ್ನೊಂದು ಸುದ್ದಿ ಹುಡುಕಿದಳು. ಫ್ಲಾರೆನ್ಸಿನ ದೊಡ್ಡ ನಿಲ್ದಾಣದಲ್ಲಿ ರೈಲು ಬದಲಿಸಲು ಹತ್ತಬೇಕಾದ ಮೆಟ್ಟಿಲೇ ಇಲ್ಲವಂತೆ. ಹಳಿಗಳೆಲ್ಲ ಅಲ್ಲೇ ಬಂದು ಮುಗಿಯುತ್ತವೆ, ಸಮತಟ್ಟು ನೆಲದ ಮೇಲೆ ನಡೆದು ಹೋದರಾಯಿತು. ಅಂದರೆ ಅತ್ತೆ ಪಾಸಾದದ್ದು ಇಟಲಿಯಲ್ಲಿ ಕೇಳದೇ ಇರುವ ಪರೀಕ್ಷೆಯಲ್ಲಿ! ನಾನು ಗಂಟಲು ಸರಿಮಾಡಿಕೊಂಡು, ಕಳೆದುಹೋದ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿ ಘೋಷಿಸಿದೆ, ಅತ್ತೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾರೆ, ಪೀಸಾಕ್ಕೆ ಹೋಗುವುದು ನಿಶ್ಚಯ.

ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಿದಳು.

"ಅಮ್ಮ ಪಾಸಾಗಿದ್ದು ಎಲ್ಲರಿಗೂ ಗೊತ್ತು. ಫೇಲಾದೋರನ್ನ ಅಕ್ಕನ ಮನೇಲಿ ಬಿಡಬೇಕು ಅನ್ನೋದು ನೀವೇ ಒಪ್ಪಿದ ಮಾತು."

ಸಹಾಯಕ್ಕೆಂದು ಪುಟ್ಟಿಯತ್ತ ನೋಡಿದೆ, ಅವಳು ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಉಳಿದದ್ದು ಅತ್ತೆಯ ತೀರ್ಪು. ಅವರು ಖಾಲಿ ಡಬ್ಬಿಯ ಮುಚ್ಚಳ ಹಾಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆ ನೋಟದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ನನಗೆ ನಾಚಿಕೆಯಾಯಿತು.

"ಪಾಪ, ಬರಲಿ ಬಿಡೇ," ಎಂದರು ಮಗಳಿಗೆ. "ಯಾವ ರೈಲಾದ್ರೂ ಸರಿ, ಅವರನ್ನ ಕಿಟಕಿ ಪಕ್ಕ ಕೂರಿಸೋಣ. ಬಾಗಿಲ ಕಡೆಗೆ ನಾನು ಕೂರ್ತೀನಿ."